ಪೈಪಜ್ಜ ತೋಡಿಸಿದ ಗುಂಡಿಗಳು

ಈ ಗುಂಡಿಯಲ್ಲೂ ಮಣ್ಣು ಬಿಟ್ಟು ಬೇರೇನೂ ಸಿಗದಿದ್ದಾಗ ಮೇಸ್ತ್ರಿ ಗುದ್ದಲಿ ಕೆಳಗೆ ಹಾಕಿದ.

“ಮೇಡಂ, ಪೈಪಜ್ಜನಿಗೆ ಏನೂ ಗೊತ್ತಿಲ್ಲ. ನಮ್ಮನ್ನ ಮಂಗ ಮಾಡ್ತಿದಾರೆ ಅಷ್ಟೆ.”

ಅನುಮಾನ ಇಂಜಿನಿಯರಮ್ಮನಿಗೂ ಇತ್ತು.

ಸೇನೆ ಬಿಟ್ಟುಹೋದ ಕ್ಯಾಂಪು ಅದು. ಅಲ್ಲಿ ಹೊಸ ಬಡಾವಣೆ ಏಳಬೇಕು. ಮನೆಗಳ ಮಾತು ಆಮೇಲೆ. ಮೊದಲು ನೀರು, ಕರೆಂಟು, ಒಳಚರಂಡಿ, ಮಳೆನೀರಿಗೊಂದು ದೊಡ್ಡ ಮೋರಿ. ಹಳೆಯ ಪೈಪುಗಳ ನಕ್ಷೆ ಕೇಳಿದರೆ ಸೇನೆಯವರು ಅದೆಲ್ಲ ಗುಟ್ಟು ಎಂದು ಕೈತೊಳೆದುಕೊಂಡಿದ್ದರು. ಕ್ಯಾಂಪಿನ ಇಳಿಜಾರಿಗೆ ಅಂಟಿಕೊಂಡು ಒಂದು ಕೇರಿ. ಹೋದ ಮಳೆಗಾಲದಲ್ಲಿ ನೀರು ನುಗ್ಗಿ ಅಲ್ಲಿನವರು ಮಂಚದ ಮೇಲೆ ಒಲೆ ಇಟ್ಟುಕೊಂಡು ಅಡುಗೆ ಮಾಡಿದ್ದರು. ಹಳೆ ಪೈಪಿನ ಜಾಡು ಸಿಗದೆ ಹೊಸ ಮೋರಿಗೆ ದಾರಿ ಗುರುತಿಸುವಂತಿರಲಿಲ್ಲ, ಮಳೆಯೋ ಇವರಿಗಾಗಿ ಕಾಯುತ್ತಿರಲಿಲ್ಲ.

ಹಾಗಾಗಿ ಕ್ಯಾಂಪಿನ ನೀರಿನ ವಿಭಾಗದಲ್ಲಿ ದುಡಿದ ಹಳಬರೊಬ್ಬರಿಗೆ ಅವಳು ಹೇಳಿಕಳಿಸಿದ್ದಳು. ಮರುದಿನ ಗೇಟಿನ ಹತ್ತಿರ ಮುದುಕರೊಬ್ಬರು ಕಂಬಿ ಹಿಡಿದು ನಿಂತಿದ್ದರು. “ಬನ್ನಿ ಅಜ್ಜ, ನಿಮ್ಮ ದಾರೀನೇ ಕಾಯ್ತಿದ್ದೆ,” ಎಂದಳು. ಅವರಿಗೆ ನಂಬಿಕೆಯೇ ಬರಲಿಲ್ಲ. “ನಿಜವಾಗ್ಲೂ ಒಳಗೆ ಬಿಡ್ತೀರಾ?” ಎಂದು ಕೇಳಿದರು. ಅಂದಿನಿಂದ ಎಲ್ಲರ ಬಾಯಲ್ಲೂ ಅವರು ಪೈಪಜ್ಜ.

ಪೈಪಜ್ಜನ ರೀತಿಯೇ ಬೇರೆ. ಪೈಪು ಹುಡುಕುವವರು ಅದು ಹೋಗಿರಬಹುದಾದ ದಾರಿಗೆ ಅಡ್ಡಲಾಗಿ ಅಗೆಯುತ್ತಾರೆ. ಇವರು ಉದ್ದಕ್ಕೆ ಅಗೆಸುತ್ತಿದ್ದರು. ಜೆಸಿಬಿ ತಂದರೆ ಎದುರಿಗೇ ನಿಂತುಬಿಡುತ್ತಿದ್ದರು. “ಮೆಷಿನ್ ಬೇಡ. ಪೆಟ್ಟಾಗುತ್ತೆ.”

“ಕಬ್ಬಿಣದ ಪೈಪಿಗೆ ಏನಜ್ಜ ಪೆಟ್ಟು?” ಎಂದು ಮೇಸ್ತ್ರಿ ನಗುತ್ತಿದ್ದ. ಅಜ್ಜ ನಗುತ್ತಿರಲಿಲ್ಲ. ಪ್ರತಿ ಗುಂಡಿಗೂ ತಾವೇ ಇಳಿದು, ಮಣ್ಣನ್ನು ಕೈಯಲ್ಲಿ ಸವರಿ ನೋಡಿ, ಸುಮ್ಮನೆ ಮೇಲೆ ಬರುತ್ತಿದ್ದರು.

ಮರೆವು, ಎಂದುಕೊಂಡಳು ಇಂಜಿನಿಯರಮ್ಮ. ಅವಳ ಅಪ್ಪನೂ ಕೊನೆಗಾಲದಲ್ಲಿ ಉಂಡಿದ್ದನ್ನು ಮರೆತು ಮತ್ತೆ ತಟ್ಟೆಯ ಮುಂದೆ ಕೂರುತ್ತಿದ್ದರು. ಈ ಅಜ್ಜನನ್ನು ಕಂಡಾಗಲೆಲ್ಲ ಅವಳಿಗೆ ಅಪ್ಪ ನೆನಪಾಗುತ್ತಿದ್ದರು. ನಾಳೆಯಿಂದ ಬರಬೇಡಿ ಎನ್ನಲು ಬಾಯಿ ಬರಲಿಲ್ಲ.

ಮಧ್ಯಾಹ್ನ ಕಾಂಪೌಂಡಿನ ನೆರಳಲ್ಲಿ ಊಟಕ್ಕೆ ಕೂತಾಗ ಮೇಸ್ತ್ರಿ ಗೋಡೆ ತಟ್ಟಿದ. “ಈ ಗೋಡೆ ಹಾರಿ ಎಷ್ಟು ಜನ ಸಿಪಾಯಿಗಳು ಓಡಿಹೋದರೋ.”

“ಎಲ್ಲರೂ ಓಡಿಹೋಗಿಲ್ಲ. ಹಾಗಂತ ಮನೆಗೆ ಕಾಗದ ಬರುತ್ತೆ ಅಷ್ಟೆ,” ಎಂದರು ಅಜ್ಜ.

ಮಾತು ಬದಲಿಸಲು ಅವಳು ಕೇಳಿದಳು, “ಮನೇಲಿ ಯಾರಿದಾರೆ ಅಜ್ಜ?”

“ಹೆಂಡತಿ. ಸಂಜೆ ಬಾಗಿಲಲ್ಲೇ ಕೂತಿರ್ತಾಳೆ. ಕಾಲು ತೊಳೆಯೋಕೂ ಬಿಡಲ್ಲ, ಸಿಕ್ತಾ ಅಂತ ಕೇಳ್ತಾಳೆ.”

“ಅಜ್ಜಿಗೂ ಪೈಪಿನದೇ ಚಿಂತೆನಾ?” ಅವಳು ನಕ್ಕಳು. ಅಜ್ಜ ಬುತ್ತಿಯ ಮುಚ್ಚಳ ಹಾಕಿದರು. ಅರ್ಧ ಅನ್ನ ಹಾಗೇ ಉಳಿದಿತ್ತು.

ಆ ವಾರದ ಕೊನೆಯಲ್ಲಿ ಅದೃಷ್ಟ ಖುಲಾಯಿಸಿತು. ಹಳೆ ಅಡುಗೆಕೋಣೆಯ ಹಿಂದೆ ಅಜ್ಜ ತೋಡಿಸಿದ ಗುಂಡಿಯಲ್ಲಿ ಠಣ್ ಎಂದು ಗುದ್ದಲಿ ತಾಗಿತು. ದೊಡ್ಡ ಪೈಪು, ನೇರ ಕೇರಿಯತ್ತಲೇ ಹೊರಟಿತ್ತು. ಕೇರಿ ಮುಳುಗಿದ್ದು ಯಾಕೆಂದು ಇಂಜಿನಿಯರಮ್ಮನಿಗೆ ಅಲ್ಲಿಯೇ ಅರ್ಥವಾಯಿತು. ಮೇಸ್ತ್ರಿ ಅಜ್ಜನ ಬೆನ್ನು ತಟ್ಟಿದ. ಅಜ್ಜ ಒಮ್ಮೆ ಇಣುಕಿ ನೋಡಿ, ದೂರ ಹೋಗಿ ಕಲ್ಲಿನ ಮೇಲೆ ಕುಳಿತರು.

“ಇದೇ ಅಲ್ವಾ ಅಜ್ಜ, ಹುಡುಕ್ತಿದ್ದಿದ್ದು?”

“ನಿಮ್ಮದು ಸಿಕ್ತಲ್ಲಮ್ಮ. ಒಳ್ಳೇದಾಯ್ತು.”

ನಾಳೆ ರೋಲರ್ ಬರುತ್ತದೆ, ನೆಲವೆಲ್ಲ ಸಮ ಮಾಡಿ ರಸ್ತೆ ಹಾಕುತ್ತಾರೆ, ಇನ್ನು ಆರಾಮವಾಗಿ ಮನೆಯಲ್ಲಿರಿ ಎಂದಳು. ಅಜ್ಜ ಎದ್ದು ಬಂದು ಕೈಮುಗಿದರು. ಇನ್ನೊಂದೇ ಒಂದು ಗುಂಡಿ ಬೇಕಂತೆ, ಗುಂಡು ಹಾರಿಸಿ ಅಭ್ಯಾಸ ಮಾಡುತ್ತಿದ್ದ ದಿಬ್ಬದ ಬುಡದಲ್ಲಿ.

“ಅಲ್ಲಿ ಯಾವ ಪೈಪು? ನೀರು ದಿಬ್ಬ ಹತ್ತುತ್ತಾ?” ಎಂದ ಮೇಸ್ತ್ರಿ.

ಅವನ ಮಾತು ಸರಿಯಾಗಿಯೇ ಇತ್ತು. ಆದರೂ ಇಂಜಿನಿಯರಮ್ಮ, “ಹೋಗಲಿ, ಅಜ್ಜನ ಸಮಾಧಾನಕ್ಕೆ ಅಗೀರಿ,” ಎಂದಳು. ಅಪ್ಪ ಕೇಳಿದಾಗ ಇನ್ನೊಂದು ತುತ್ತು ಬಡಿಸುತ್ತಿದ್ದಳಲ್ಲ, ಹಾಗೆಯೇ ಇದು.

ಅವರೆಲ್ಲ ದಿಬ್ಬದ ಕಡೆ ಹೋದ ಮೇಲೆ, ಶೆಡ್ಡಿನಲ್ಲಿ ಮೋರಿಯ ಗೆರೆ ಎಳೆಯುತ್ತಿದ್ದಾಗ ಅವಳ ಫೋನು ರಿಂಗಾಯಿತು.

“ಇಂಜಿನಿಯರ್ ಮೇಡಂ ಅವರಾ? ನಾನು ಕ್ಯಾಂಪಿನ ನೀರಿನ ಸೆಕ್ಷನ್ನಲ್ಲಿದ್ದವನು. ನೀವು ಹೇಳಿಕಳಿಸಿದ್ರಂತೆ. ಕಾಲು ಮುರ್ಕೊಂಡು ಆಸ್ಪತ್ರೇಲಿದ್ದೆ, ಬೇಜಾರು ಮಾಡ್ಕೋಬೇಡಿ. ನಾಳೆ ಬರಲಾ?”

ಅವಳು ಪೆನ್ಸಿಲ್ ಅಲ್ಲೇ ಬಿಟ್ಟು ದಿಬ್ಬದ ಕಡೆ ಓಡಿದಳು.

ಅಗೆಯುವುದು ನಿಂತುಹೋಗಿತ್ತು. ಕೆಲಸದವರು ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದರು. ಮೇಸ್ತ್ರಿ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. ಗುಂಡಿಯೊಳಗೆ ಅಜ್ಜ ಮಂಡಿಯೂರಿ ಕುಳಿತು, ಸಿಪಾಯಿಯ ಬೂಟೊಂದರ ಮಣ್ಣನ್ನು ಟವೆಲಿನ ತುದಿಯಿಂದ ಮೆಲ್ಲಗೆ ಒರೆಸುತ್ತಿದ್ದರು. ಬೂಟು ಖಾಲಿ ಇರಲಿಲ್ಲ.

“ಯಾವಾಗ್ಲೂ ಹೀಗೇ, ಬಿಚ್ಚೋಕೇ ಬರದ ಹಾಗೆ ಗಂಟು ಹಾಕ್ತಾನೆ,” ಎಂದು ಗೊಣಗಿಕೊಂಡರು.

ಇಂಜಿನಿಯರಮ್ಮ ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತಳು. “ಅಜ್ಜ... ನೀವು ಯಾರು?”

“ಇವನ ಅಪ್ಪ.”