ಏಳಕ್ಷರದ ಪದ

ಗಂಡನ ರಿಪೋರ್ಟನ್ನು ಬ್ಯಾಗಿನಲ್ಲೇ ಬಿಟ್ಟು, "ಎಲ್ಲಾ ನಾರ್ಮಲ್ ಅಂತೆ ರೀ" ಎಂದಳು.

ಅವನು ತಲೆಯಾಡಿಸಿ, ಎಂದಿನಂತೆ ಇಂಗ್ಲಿಷ್ ಪದಗಳ ಆಟದ ಹಲಗೆ ಬಿಡಿಸಿದ. ಮದುವೆಯಾದಾಗಿನಿಂದ ಸಂಜೆ ಕಾಫಿಯ ಜೊತೆ ನಡೆದುಬಂದ ಆಟ. ಡಿಕ್ಷನರಿಯಲ್ಲಿಲ್ಲದ ಪದಕ್ಕೆ ಅಂಕವಿಲ್ಲ. ಈ ವಿಷಯದಲ್ಲಿ ಅವಳು ಒಮ್ಮೆಯೂ ಸಡಿಲ ಬಿಟ್ಟವಳಲ್ಲ.

ಕ್ಯೂ ಅಕ್ಷರದ ಬಿಲ್ಲೆಯಿಂದ ಶುರುಮಾಡಿ ಅವನು ಏಳಕ್ಷರದ ಪದವೊಂದನ್ನು ಜೋಡಿಸಿದ.

"ಹೀಗೊಂದು ಪದ ಇದೆಯಾ?"

"ನೋಡು ಬೇಕಾದ್ರೆ."

ಕ್ಯೂ ಪುಟಗಳನ್ನೆಲ್ಲ ತಿರುವಿದಳು. ಎಲ್ಲೂ ಇರಲಿಲ್ಲ. ಅವನ ಇಳಿದುಹೋದ ಮುಖ ನೋಡಿ ಪುಸ್ತಕ ಮುಚ್ಚಿದಳು.

"ಇದೆ ರೀ. ಅಂಕ ನಿಮ್ದೇ."

ಅವನು ಬಿಲ್ಲೆಗಳನ್ನು ಒಂದೊಂದಾಗಿ ಎತ್ತಿಕೊಂಡ.

"ಆ ಪದ ನಾನೇ ಹುಟ್ಟಿಸಿದ್ದು ಕಣೇ. ಈಗ ರಿಪೋರ್ಟ್ ಕೊಡು."