ಓಣಿಯ ಕಂದೀಲುಗಳು

ಸೀಮೆಎಣ್ಣೆಯ ವಾಸನೆ ಬಂದರೆ ಈಗಲೂ ಖಾನಾಪುರದ ಆ ಕ್ರಿಸ್‌ಮಸ್ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ಅಲ್ಲಿನ ಪುಟ್ಟ ಚರ್ಚಿನ ಪಾದ್ರಿ. ಬೆಳಗಾವಿಯ ದಂಡುಪ್ರದೇಶವಾದ ಕ್ಯಾಂಪಿನ ಚರ್ಚುಗಳಂತೆ ಜನರನ್ನು ಕರೆಯಲು ನಮಗೆ ಗಂಟೆ ಇರಲಿಲ್ಲ. ಹಬ್ಬದ ಪ್ರಾರ್ಥನೆಗೆ ಅಪ್ಪ ಎಷ್ಟು ಕರೆದರೂ ಓಣಿಯವರು ಯಾರೂ ಬರುತ್ತಿರಲಿಲ್ಲ.

"ಬರೇ ಬರ್ರಿ ಅಂದ್ರ ಯಾರ ಬರ್ತಾರ?" ಎಂದ ಅವ್ವ, ನನ್ನ ಕೈ ಹಿಡಿದು ಮನೆಮನೆಗೆ ನಡೆದಳು.

"ಗಂಗಕ್ಕಾ, ಚರ್ಚಿನ್ಯಾಗ ಬೆಳಕ ಸಾಲೂದಿಲ್ಲರೀ. ಸಂಜಿಗೆ ನಿಮ್ಮ ಕಂದೀಲ ಕೊಡ್ರಿ."

ವಿಭೂತಿ ಹಚ್ಚಿದ್ದ ಗಂಗಕ್ಕ, ಇದ್ದ ಒಂದೇ ಕಂದೀಲಿನ ಗಾಜನ್ನು ಬೂದಿಯಿಂದ ತಿಕ್ಕಿ, ಎಣ್ಣೆ ತುಂಬಿಸಿ ಕೊಟ್ಟಳು. "ಇದನ್ನ ಕೊಟ್ಟು ನಾವ ಕತ್ತಲದಾಗ ಕುಂದರೂದೇನ? ನಾವೂ ಬರ್ತೀವಿ!" ಎಂದು ನಕ್ಕಳು.

ಸಂಜೆ ತೊಲೆಗಳ ತುಂಬ ಕಂದೀಲುಗಳು ತೂಗಿದವು. ಓಣಿಗೆ ಓಣಿಯೇ ಬಂತು. ಕೂರಲು ಜಾಗ ಸಿಗದ ಅವ್ವ ಹೊಸ್ತಿಲಾಚೆ ನಿಂತೇ ಹಾಡಿದಳು, ಎಲ್ಲರಿಗಿಂತ ಜೋರಾಗಿ.