ಹೊಸ ಬಣ್ಣದ ಗೋಡೆ

ಹೊಸದಾಗಿ ಬಣ್ಣ ಬಳಿದ ಬಿಳಿ ಗೋಡೆಯನ್ನು ಸವರುತ್ತಿದ್ದ ಲೊರೇನಳ ಬೆರಳು ಒಂದು ಉಬ್ಬಿನ ಬಳಿ ನಿಂತಿತು. ಉಬ್ಬಿಗೆ ಆರು ಕಾಲು, ಎರಡು ಮೀಸೆ.

“ಥೂ! ಜಿರಳೇನೂ ಸೇರಿಸಿ ಬಣ್ಣ ಹೊಡೆದಿದ್ದೀರಲ್ರೀ!”

ಮನೆ ತೋರಿಸುತ್ತಿದ್ದ ಏಜೆಂಟ್ ವೆಂಡೆಲ್ ನಕ್ಕ. “ಅದು ಹಳೇದು ಮೇಡಂ. ಮೂರು ಸಲ ಬಣ್ಣ ಕಂಡಿದೆ, ಎಲ್ಲಿಗೂ ಓಡಲ್ಲ. ಈ ಬಾಡಿಗೆಗೆ ಫಿಲಡೆಲ್ಫಿಯಾದಲ್ಲಿ ಎರಡು ಬೆಡ್‌ರೂಮ್ ಬೇರೆಲ್ಲಿ ಸಿಗುತ್ತೆ ಹೇಳಿ? ಬೇಡ ಅಂದ್ರೆ ಬಿಡಿ, ಕೆಳಗೆ ಹನ್ನೊಂದು ಜನ ಕಾಯ್ತಿದ್ದಾರೆ.”

ಲೊರೇನ್ ಕಿಟಕಿಯಿಂದ ಇಣುಕಿದಳು. ಬಾಗಿಲಿನಿಂದ ಬೀದಿಯ ತಿರುವಿನವರೆಗೆ ಸಾಲು. ಎಲ್ಲರ ಕೈಯಲ್ಲೂ ತುಂಬಿಸಿಟ್ಟ ಬಾಡಿಗೆ ಅರ್ಜಿ.

“ಪೆನ್ನು ಕೊಡಿ,” ಎಂದಳು.

ಖಾಲಿ ಮನೆಯಲ್ಲಿ ಮೇಜಿರಲಿಲ್ಲ. ತನ್ನ ಅರ್ಜಿಯನ್ನು ಅದೇ ಗೋಡೆಗೆ ಒತ್ತಿಹಿಡಿದು ಸಹಿ ಮಾಡಿದಳು. ಅವಳ ಹೆಸರಿನ ನಟ್ಟನಡುವೆ ಪೆನ್ನು ಜಿರಳೆಯನ್ನು ಹತ್ತಿ ಇಳಿಯಿತು.